ಬಾಣ ಮಾಡಿದರೆ ಗಿಟ್ಟುತ್ತದೆಯೇ? – ಒಂದು ಹಳೆಯ ಕಸುಬಿನ ಚರಿತ್ರೆ



ವಾರ್ಷಿಕ ಸಂಚಿಕೆಗೆ ಈ ಸಲ ಒಂದು ಇತಿಹಾಸದ ಲೇಖನ ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಹಿರಿಯರು ಕೇಳಿದಾಗ ಟಿಪ್ಪು ಸುಲ್ತಾನರ ಬಗ್ಗೆಯೋ ಅಶೋಕನ ಶಾಸನಗಳ ಬಗ್ಗೆಯೋ ಬರೆಯೋಣವೆಂದುಕೊಂಡಿದ್ದೆ. ಇಬ್ಬರೂ ಈ ಲೇಖನದಲ್ಲಿ ಬರುತ್ತಾರೆ. ಆದರೆ ಇದನ್ನು ಬರೆಯಲು ಕಾರಣರಾದವರು ಅವರಲ್ಲ, ನಮ್ಮ ಶಾಲೆಯ ಇಬ್ಬರು ಹುಡುಗರು.

ಇಬ್ಬರೂ ಆಗ ಒಂಬತ್ತನೇ ತರಗತಿ. ಒಬ್ಬ ಪಿಂಜಾರರ ಮನೆಯವನು, ಇನ್ನೊಬ್ಬ ಮ್ಯಾಸ ನಾಯಕರ ಮನೆಯವನು. ಬಿ.ಜಿ. ಕೆರೆಯ ಆಸುಪಾಸಿನ ಒಣಭೂಮಿಯನ್ನು ಬಲ್ಲವರಿಗೆ ಶೇಂಗಾ ಕೈಕೊಟ್ಟ ವರ್ಷ ಮನೆಗಳಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಪಿಂಜಾರರ ಹುಡುಗನ ತಂದೆ, "ಸಾಕು ಸರ್, ಇವನನ್ನು ಬೆಂಗಳೂರಿಗೆ ಕಳಿಸ್ತೀನಿ, ಅಲ್ಲಿ ಗ್ಯಾರೇಜಿನಲ್ಲಿ ಕೆಲಸ ಇದೆ" ಎಂದು ನನಗೇ ಬಂದು ಹೇಳಿ ಹೋಗಿದ್ದರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಹುಡುಗರಿಬ್ಬರೂ ಬಂದು ನಿಂತರು. ದೂರದರ್ಶನದಲ್ಲಿ ಬಿಲ್ಲುಗಾರಿಕೆಯ ಸ್ಪರ್ಧೆ ನೋಡಿದ್ದರಂತೆ. ನಾಯಕರ ಹುಡುಗನ ತಾತನಿಗೆ ಅಂಬು ಮಾಡುವುದು ಅಲ್ಪಸ್ವಲ್ಪ ಗೊತ್ತಿತ್ತಂತೆ. "ಸರ್, ನಾವು ಕೈಯಿಂದ ಮರದ ಬಾಣ ಮಾಡಿ ಮಾರಿದರೆ ಗಿಟ್ಟುತ್ತಾ? ಭಾನುವಾರ ಮಾತ್ರ ಮಾಡ್ತೀವಿ. ಶಾಲೆ ಬಿಡಲ್ಲ."

ಆ ಕೊನೆಯ ಮಾತು ಕೇಳಿ ನಗಲು ಮನಸ್ಸಾಗಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ. ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೆ ವ್ಯಾಪಾರ ಏನು ಗೊತ್ತು? ಗೊತ್ತಿರುವುದು ಪುಸ್ತಕ. ಹಾಗಾಗಿ ಮೊದಲು ಚರಿತ್ರೆಯನ್ನೇ ಕೇಳಿದೆ: ಬಾಣ ಮಾಡಿ ಬದುಕಿದವರು ಯಾರು, ಅವರಿಗೆ ದುಡ್ಡು ಕೊಟ್ಟವರು ಯಾರು, ಆಮೇಲೆ ಅವರೆಲ್ಲ ಎಲ್ಲಿ ಹೋದರು?

ನಮ್ಮ ಮಣ್ಣಿನಲ್ಲಿ ಬಾಣ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕ ಚಕ್ರವರ್ತಿಯ ಬಂಡೆ ಶಾಸನಗಳಿರುವುದು ವಿದ್ಯಾರ್ಥಿಗಳಿಗೆ ಪಾಠದಿಂದ ಗೊತ್ತು. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಆದರೆ ಬ್ರಹ್ಮಗಿರಿಯ ಚರಿತ್ರೆ ಅಶೋಕನಿಂದ ಶುರುವಾಗುವುದಿಲ್ಲ. ಮೈಸೂರಿನ ಡಾ. ಎಂ.ಎಚ್. ಕೃಷ್ಣ ಅವರೂ ಅವರ ನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಅಗೆದು ನೋಡಿದಾಗ ಕೆಳಗಿನ ಪದರದಲ್ಲಿ ಕಲ್ಲಿನ ಕೊಡಲಿಯ ಜನ ಕಂಡರು, ಅದರ ಮೇಲೆ ದೊಡ್ಡ ಬಂಡೆಗಳ ಸಮಾಧಿ ಕಟ್ಟಿದ ಜನ ಕಂಡರು. ದಕ್ಷಿಣ ಭಾರತದ ಇಂಥ ಸಮಾಧಿಗಳಲ್ಲಿ ಸತ್ತವನ ಜೊತೆ ಇಟ್ಟ ಕಬ್ಬಿಣದ ಸಾಮಾನು ಸಿಗುತ್ತದೆ. ಕುಡುಗೋಲು, ಚೂರಿ, ಭರ್ಜಿಯ ಜೊತೆಗೆ ಬಾಣದ ಮೊನೆಗಳೂ ಇರುತ್ತವೆ. ಕಬ್ಬಿಣ ಉಳಿದಿದೆ, ಕಡ್ಡಿ ಮಣ್ಣಾಗಿದೆ. ಬಾಣದ ಚರಿತ್ರೆ ಬರೆಯುವವರಿಗೆಲ್ಲ ಇದೇ ತೊಡಕು. ಮೊನೆ ಕಾಯಿಸಿ ಬಡಿದ ಕಮ್ಮಾರನ ಕೈಗುರುತು ನಮಗೆ ಸಿಗುತ್ತದೆ. ಕಡ್ಡಿ ನೆಟ್ಟಗೆ ಮಾಡಿ ಗರಿ ಕಟ್ಟಿದವನ ಗುರುತು ಸಿಗುವುದಿಲ್ಲ.

ಶಾಸನದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಉರ್ದು ಮೇಷ್ಟ್ರಾದ ನನಗೆ ಮನಸ್ಸು ಬಾರದು. ಪ್ರಾಣಿಗಳ ಮೇಲೆ ದಯೆ ಇರಲಿ, ತಂದೆತಾಯಿಯ ಮಾತು ಕೇಳಿ, ಶಿಷ್ಯನು ಗುರುವನ್ನು ಗೌರವಿಸಲಿ ಎಂದೆಲ್ಲ ಬ್ರಾಹ್ಮಿ ಲಿಪಿಯಲ್ಲಿ ಎಡದಿಂದ ಬಲಕ್ಕೆ ಬರೆದ ಲಿಪಿಕಾರ ಚಪಡ, ತನ್ನ ವೃತ್ತಿಯ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾರತದ ಲಿಪಿ, ಉರ್ದುವಿನಂತೆ ಬಲದಿಂದ ಎಡಕ್ಕೆ ಓಡುತ್ತದೆ. ಇನ್ನೂರ ಅರವತ್ತು ಪದಗಳ ಉಕ್ತಲೇಖನ ಕೊಟ್ಟರೆ ಗೊಣಗುವ ಮಕ್ಕಳಿಗೆ ನಾನು ಈ ಚಪಡನ ಕಥೆ ಹೇಳುತ್ತೇನೆ. ಕೈಕಸುಬು ಬಲ್ಲವನು ಸಂಬಳ ಕೊಡುವವರಿದ್ದರೆ ಅಷ್ಟು ದೂರದಿಂದಲೂ ನಮ್ಮ ಮೊಳಕಾಲ್ಮುರಿಗೆ ಬರುತ್ತಾನೆ. ಈ ಮಾತು ಬಾಣದವರ ವಿಷಯಕ್ಕೂ ಬೇಕಾಗುತ್ತದೆ.

ಅಶೋಕನು ಪ್ರಾಣಿದಯೆ ಬೋಧಿಸಿದ ನೆಲದಲ್ಲೇ ಬೇಟೆ ನಡೆದಿತ್ತು ಎಂಬುದಕ್ಕೆ ಊರೂರ ಕಥೆಗಳೇ ಸಾಕ್ಷಿ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರು ಬೇಟೆಗಾರರು, ದನಗಾಹಿಗಳು. ಇಂದಿಗೂ ದೇವರ ಎತ್ತುಗಳ ಹಿಂಡನ್ನು ಸಾಕುವವರು, ಗಾದ್ರಿ ಪಾಲನಾಯಕನನ್ನು ನೆನೆಯುವವರು. ಬೇಟೆಗಾರನ ಬಾಣ ಮಾರುಕಟ್ಟೆಯದಲ್ಲ. ತನಗೆ ಬೇಕಾದಷ್ಟನ್ನು ತಾನೇ ಮಾಡಿಕೊಳ್ಳುತ್ತಾನೆ. ಮೊನೆ ಬೇಕಾದರೆ ಕಮ್ಮಾರನಿಗೆ ಕಾಳು ಕೊಡುತ್ತಾನೆ. ಇಲ್ಲಿ ಆದಾಯದ ಪ್ರಶ್ನೆ ಹುಟ್ಟುವುದಿಲ್ಲ. ಆ ಪ್ರಶ್ನೆ ಹುಟ್ಟುವುದು ಸೈನ್ಯ ಬಂದಾಗ. ಬೇಟೆಗೆ ಹೋದವನು ಬಿಟ್ಟ ಬಾಣವನ್ನು ಹುಡುಕಿ ತರುತ್ತಾನೆ. ಯುದ್ಧಕ್ಕೆ ಹೋದವನಿಗೆ ಆ ಪುರಸೊತ್ತು ಇರುವುದಿಲ್ಲ. ಒಂದು ಹಗಲಿನಲ್ಲಿ ಸಾವಿರಾರು ಬಾಣಗಳು ಹೋಗುತ್ತವೆ, ಅಷ್ಟನ್ನೂ ಯಾರಾದರೂ ಮತ್ತೆ ಮಾಡಿಕೊಡಬೇಕು. ಪಾಳೆಯಗಾರನೋ ಸುಲ್ತಾನನೋ ಹಣ ಕೊಡುತ್ತಾನೆ. ಆಗ ಬಾಣ ಒಂದು ವೃತ್ತಿಯಾಗುತ್ತದೆ.

ತೀರ್, ಕಮಾನ್, ಅಡ್ಡಹೆಸರು

ಉರ್ದುವಿನಲ್ಲಿ ತೀರ್ ಎಂದರೆ ಬಾಣ, ಕಮಾನ್ ಎಂದರೆ ಬಿಲ್ಲು, ತೀರಂದಾಜ್ ಎಂದರೆ ಬಿಲ್ಲುಗಾರ. ಬಾಣ ಮಾಡುವವನು ತೀರ್‌ಗರ್, ಬಿಲ್ಲು ಮಾಡುವವನು ಕಮಾನ್‌ಗರ್. ನಮ್ಮ ಉತ್ತರ ಕರ್ನಾಟಕದಲ್ಲಿ ಕಮಾನಗಾರ ಎಂಬ ಅಡ್ಡಹೆಸರಿನ ಮನೆತನಗಳು ಇಂದಿಗೂ ಇವೆ. ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು ಶಿಕಲಗಾರರಾಗಿದ್ದಾರೆ. ಈ ಹೆಸರುಗಳು ಒಂದು ಕಾಲದ ಸಂಬಳದ ಪಟ್ಟಿಗಳು ಎನ್ನಬಹುದು. ಕಮಾನ್ ಪದ ಕನ್ನಡಕ್ಕೆ ಬಂದು ಬಾಗಿಲ ಮೇಲಿನ ಕಮಾನಾಯಿತು, ಲಾರಿಯ ಕೆಳಗಿನ ಕಮಾನು ಪಟ್ಟಿಯಾಯಿತು. ಬಿಲ್ಲು ಹೋದರೂ ಅದರ ಬಾಗು ಉಳಿಯಿತು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಇಂಗ್ಲೆಂಡಿನಲ್ಲಿ ಫ್ಲೆಚರ್ ಎಂಬ ಮನೆತನದ ಹೆಸರಿದೆ, ಬಾಣ ಮಾಡುವವನು ಎಂದೇ ಅದರ ಅರ್ಥ. ಲಂಡನ್ನಿನ ಬಾಣದವರು 1371ರಲ್ಲಿ ಬಿಲ್ಲಿನವರಿಂದ ಬೇರೆಯಾಗಿ ತಮ್ಮದೇ ಸಂಘ ಮಾಡಿಕೊಂಡರು. ಅವರ ಕಸುಬಿಗೆ ಸರ್ಕಾರದ ರಕ್ಷಣೆ ಎಷ್ಟಿತ್ತೆಂದರೆ, ಬಾಣಕ್ಕೆ ಒದಗುವ ಆಸ್ಪೆನ್ ಮರದಿಂದ ಮರದ ಪಾದರಕ್ಷೆ ಮಾಡುವವರು ಪಾದರಕ್ಷೆ ಮಾಡಬಾರದು ಎಂದು 1416ರಲ್ಲಿ ಕಾನೂನೇ ಬಂತು. 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಆ ನೌಕೆಯಿಂದ ಸುಮಾರು 3,500 ಬಾಣಗಳು ದೊರೆತವು. ಒಂದೇ ಹಡಗಿನಲ್ಲಿ ಉಳಿದುಬಂದ ಲೆಕ್ಕ ಇಷ್ಟು. ಇಂಥ ಬೇಡಿಕೆ ಇದ್ದಾಗ ಬಾಣ ಗಿಟ್ಟದೆ ಇರುತ್ತದೆಯೇ? ಆದರೆ 1595ರಲ್ಲಿ ಅಲ್ಲಿನ ಸರ್ಕಾರ ಪಡೆಗಳಿಗೆ ಬಿಲ್ಲಿನ ಬದಲು ಬಂದೂಕು ಸಾಕೆಂದಿತು. ಕೊಳ್ಳುವವನು ಒಬ್ಬನೇ ಆಗಿದ್ದ, ಅವನು ಕೈಬಿಟ್ಟ.

ಇಸ್ಲಾಮೀ ಜಗತ್ತಿನಲ್ಲಿ ಬಾಣ ಮಾಡುವವನಿಗೆ ಇದ್ದ ಗೌರವವನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು. ಹದೀಸ್ ಸಂಗ್ರಹಗಳಲ್ಲಿ ಬಾಣ ಬಿಡುವವನ ಜೊತೆಗೆ, ಒಳ್ಳೆಯ ಉದ್ದೇಶದಿಂದ ಅದನ್ನು ಮಾಡಿದವನಿಗೂ ಎತ್ತಿ ಕೊಟ್ಟವನಿಗೂ ಪ್ರತಿಫಲದಲ್ಲಿ ಪಾಲು ಇದೆ ಎಂಬ ಮಾತು ಬರುತ್ತದೆ. ಕಾರ್ಖಾನೆಯ ಕೆಲಸಗಾರನನ್ನು ವೀರನ ಪಕ್ಕದಲ್ಲಿ ಕೂರಿಸುವ ಮಾತು ಅದು. ಕುಶಲಕರ್ಮಿಯನ್ನು ಕೀಳಾಗಿ ನೋಡುವ ಅಭ್ಯಾಸ ನಮ್ಮ ಮನೆಗಳಿಗೆ ಎಲ್ಲಿಂದ ಬಂತೋ ತಿಳಿಯದು.

ಬಾಣ ಬಿದಿರಿಗೆ ಕಟ್ಟಿದ ಬೆಂಕಿಯಾದ ಕಥೆ

1779ರಲ್ಲಿ ಹೈದರ್ ಅಲಿ ಚಿತ್ರದುರ್ಗವನ್ನು ಗೆದ್ದು ಮದಕರಿ ನಾಯಕರನ್ನು ಸೆರೆ ಹಿಡಿದರು. ಬೇಡರ ಅನೇಕ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ನಮ್ಮ ಜಿಲ್ಲೆಯ ಜನ ಇದನ್ನು ಮರೆತಿಲ್ಲ, ಮರೆಯಬೇಕೆಂದು ಹೇಳುವುದೂ ಸರಿಯಲ್ಲ. ಅಷ್ಟು ಹೊತ್ತಿಗಾಗಲೇ ಕೋಟೆಯ ಮೇಲೂ ಕೆಳಗೂ ಬಂದೂಕುಗಳಿದ್ದವು, ಮರದ ಬಾಣದ ಕಾಲ ಮುಗಿಯುತ್ತ ಬಂದಿತ್ತು. ಆದರೆ ಬಾಣ ಎಂಬ ಪದಕ್ಕೆ ಆಗ ಹೊಸ ಜನ್ಮ ಬಂತು.

ಮೈಸೂರು ಸೈನ್ಯದ ಯುದ್ಧ ರಾಕೆಟ್ಟುಗಳನ್ನು ಪಾರ್ಸಿ, ಉರ್ದು ಬರಹಗಳಲ್ಲಿ ಕರೆದದ್ದು 'ಬಾನ್' ಎಂದು. ಅದು ನಮ್ಮ ಬಾಣವೇ. ಕನ್ನಡದಲ್ಲಿ ನಾವು ಇಂದಿಗೂ ಜಾತ್ರೆಯ ಪಟಾಕಿಗೆ ಬಾಣಬಿರುಸು ಎನ್ನುತ್ತೇವಲ್ಲವೇ? ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ ಉದ್ದನೆಯ ಬಿದಿರು ಗಳುವಿಗೆ ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಬೇರೆ ದೇಶಗಳಲ್ಲಿ ಕಾಗದದ ಕೊಳವೆ ಬಳಸುತ್ತಿದ್ದಾಗ ನಮ್ಮವರು ಕಬ್ಬಿಣ ಬಳಸಿದ್ದರಿಂದ ಮದ್ದಿನ ಒತ್ತಡ ಹೆಚ್ಚಾಗಿ ಅದು ಬಹುದೂರ ಹಾರುತ್ತಿತ್ತು. ಬಿದಿರಿನ ಕೆಲಸ ಬಾಣದ ಗರಿಯ ಕೆಲಸವೇ: ಹಾರುವಾಗ ಹಿಂಭಾಗ ಹೊರಳದಂತೆ ದಾರಿ ನೆಟ್ಟಗಿಡುವುದು. 1780ರ ಪೊಳ್ಳಿಲೂರು ಯುದ್ಧದಲ್ಲಿ ಕರ್ನಲ್ ಬೇಲಿಯ ಸೈನ್ಯದ ಮದ್ದಿನ ಬಂಡಿಗಳು ಸ್ಫೋಟಗೊಂಡು ಕಂಪನಿ ಸೋತದ್ದು ಪ್ರಸಿದ್ಧ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಲ್ಲಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು, ವಿಲಿಯಂ ಕಾಂಗ್ರೀವ್ ಅವುಗಳ ಆಧಾರದ ಮೇಲೆ ತನ್ನ ರಾಕೆಟ್ ಮಾಡಿದ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅಮೆರಿಕದ ವಾಲಪ್ಸ್ ಕೇಂದ್ರದ ಗೋಡೆಯ ಮೇಲೆ ಟಿಪ್ಪುವಿನ ರಾಕೆಟ್ ಯುದ್ಧದ ಚಿತ್ರ ನೋಡಿದ್ದನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಇಂಥ ಕೊಳವೆಗಳು ದೊರೆತವು. ಇಲ್ಲಿಯೂ ನೋಡಿ, ಕಬ್ಬಿಣ ಉಳಿದಿದೆ, ಬಿದಿರು ಇಲ್ಲ.

ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಅಮೃತ್ ಮಹಲ್ ಕಾವಲು ಹೈದರ್, ಟಿಪ್ಪು ಕಾಲದ ಸೈನ್ಯದ ಎತ್ತುಗಳ ಹುಲ್ಲುಗಾವಲು. ಆ ಕಾವಲಿನ ಒಂದು ಭಾಗ ಈಗ ಡಿ.ಆರ್.ಡಿ.ಒ.ದ ಪರೀಕ್ಷಾ ವಲಯ. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ಅದೇ ರನ್‌ವೇಯ ಮೇಲೆ ತಾನಾಗಿ ಇಳಿಯುವಂತೆ ಮಾಡಿತು. ಹುಲ್ಲು ಕಳೆದುಕೊಂಡ ಹಳ್ಳಿಗಳವರಿಗೆ ಇದರಲ್ಲಿ ಬೇರೆ ದುಃಖವಿದೆ, ಅದು ಬೇರೆ ಲೇಖನದ ವಿಷಯ. ನಾನು ಈ ಸಂಗತಿ ಹೇಳಿದಾಗ ಪಿಂಜಾರರ ಹುಡುಗ ಕೇಳಿದ್ದು ಒಂದೇ: "ಅಲ್ಲಿ ಕೆಲಸಕ್ಕೆ ಎಸ್ಸೆಸ್ಸೆಲ್ಸಿ ಸಾಕಾ ಸರ್?"

ಬಿಲ್ಲು ಹಿಡಿದ ಕೈ ಏನು ಮಾಡಿತು

ಸೈನ್ಯ ಕೈಬಿಟ್ಟ ಮೇಲೆ ಈ ಕಸುಬಿನವರು ಏನಾದರು ಎಂಬುದೇ ನನಗೆ ಮುಖ್ಯವಾಗಿ ಕಂಡಿತು. ಎಲ್ಲರ ಕಥೆ ಬರೆದಿಟ್ಟವರಿಲ್ಲ. ಆದರೆ ಗುಜರಾತಿನ ಕಚ್ಛ್‌ನಲ್ಲಿ ಕಮಾನ್‌ಗರರು ಗೋಡೆಯ ಮೇಲೆ ಚಿತ್ರ ಬರೆಯುವವರಾದರು. ಬಿಲ್ಲಿಗೆ ಬಣ್ಣ, ಅರಗು ಬಳಿದು ಹೂಬಳ್ಳಿ ಬರೆದು ಅಭ್ಯಾಸವಾದ ಕೈ ಅದು. ಅಲ್ಲಿನ ಆ ಶೈಲಿಗೆ ಕಮಾನ್‌ಗರಿ ಎಂದೇ ಹೆಸರು. ಪಂಜಾಬಿನ ಕಮಾನ್‌ಗರರಲ್ಲಿ ಕೆಲವರು ಮುರಿದ ಮೂಳೆ ಕೂರಿಸುವವರಾದರು. ಕೊಂಬು, ಮರ, ನರ ಸೇರಿಸಿ ಬಿಗಿಯುವ ವಿದ್ಯೆ ಬಲ್ಲವನಿಗೆ ಮೂಳೆಯ ಬೆಸುಗೆಯೂ ತಿಳಿಯಿತು.

ನಮ್ಮ ಕಡೆಯ ಉದಾಹರಣೆ ಇನ್ನೂ ಹತ್ತಿರದ್ದು, ನಮ್ಮ ಮನೆಯದು. ಪಿಂಜಾರರ ಉಪಕರಣವೂ ಬಿಲ್ಲೇ. ಆಳುದ್ದದ ಮರದ ಬಿಲ್ಲಿಗೆ ಕರುಳಿನ ಹುರಿಯ ಹೆದೆ. ಅದನ್ನು ಹತ್ತಿಯ ರಾಶಿಯ ಮೇಲೆ ತೂಗುಹಾಕಿ ಮರದ ಕೊಡತಿಯಿಂದ ಹೆದೆಯನ್ನು ಮೀಟಿದರೆ ಹತ್ತಿ ಹಿಂಜಿ ಹೂವಿನಂತೆ ಅರಳುತ್ತದೆ. ಹಿಂಜುವುದು ಎಂಬ ಕ್ರಿಯೆಯಿಂದಲೇ ಪಿಂಜಾರ ಎಂಬ ಹೆಸರು. ಅರಬ್ಬಿಯ ನದ್ದಾಫ್ ಎಂಬ ಪದಕ್ಕೂ ಅದೇ ಅರ್ಥ, ಅದೇ ನಮ್ಮ ನದಾಫ. ಸೂಫಿ ಮನ್ಸೂರ್ ಹಲ್ಲಾಜರ ಹೆಸರಿನ ಹಲ್ಲಾಜ್ ಕೂಡ ಹತ್ತಿ ಹಿಂಜುವವನೇ. ಚಳ್ಳಕೆರೆ ಸೀಮೆಯ ಕಂಬಳಿಗೆ ಬೇಕಾದ ಕುರಿಯ ಉಣ್ಣೆಯನ್ನೂ ಇಂಥ ಬಿಲ್ಲಿನಿಂದಲೇ ಹಿಂಜುತ್ತಿದ್ದರು. ನನ್ನ ಅಜ್ಜ ಸುಗ್ಗಿ ಮುಗಿದ ಮೇಲೆ ಬಿಲ್ಲು ಹೆಗಲಿಗೇರಿಸಿ ಹಳ್ಳಿ ಸುತ್ತಿ ಗಾದಿ, ದಿಂಬು ತುಂಬಿಕೊಟ್ಟು ಬರುತ್ತಿದ್ದರು. ಹೆದೆಯ ಟಂಯ್ ಟಂಯ್ ಸದ್ದು ಕೇಳಿದರೆ ಹೆಂಗಸರು ಹಳೇ ಹಾಸಿಗೆ ಹೊರಗೆ ತರುತ್ತಿದ್ದರಂತೆ. ಉಪಕಸುಬು ಎಂದರೆ ಹೀಗಿರಬೇಕು: ಹೊಲಕ್ಕೆ ಅಡ್ಡ ಬರಬಾರದು, ಕೊಳ್ಳುವವರು ಊರಲ್ಲೇ ಇರಬೇಕು. ಆಮೇಲೆ ಹಿಂಜುವ ಯಂತ್ರ ಬಂತು, ಅದರ ಬೆನ್ನಿಗೇ ಫೋಮಿನ ಹಾಸಿಗೆ ಬಂತು. ಅಜ್ಜನ ಬಿಲ್ಲು ಬಟ್ಟೆ ಒಣಹಾಕುವ ಗಳುವಾಯಿತು.

ಉಳಿದ ಮರದ ಕಸುಬಿನ ಬಗ್ಗೆಯೂ ಹೇಳಬೇಕು. ಚನ್ನಪಟ್ಟಣದಲ್ಲಿ ಹಾಲೆಮರವನ್ನು ಚರಕಿಯಲ್ಲಿ ತಿರುಗಿಸಿ ಅರಗಿನ ಬಣ್ಣ ಹಚ್ಚುವ ವಿದ್ಯೆ ಟಿಪ್ಪು ಕರೆಸಿದ ಪರ್ಷಿಯಾದ ಕಸುಬುದಾರರಿಂದ ಬಂತೆಂಬ ಪ್ರತೀತಿ ಇದೆ. ಮುಂದೆ ಬಾವಾಸ್ ಮಿಯಾನ್ ಅವರು ಜಪಾನಿನ ತಂತ್ರವನ್ನೂ ಸೇರಿಸಿ ಅದನ್ನು ಬೆಳೆಸಿದರು. ಚೀನಾದ ಅಗ್ಗದ ಆಟಿಕೆ ಬಂದಾಗ ಅವರಿಗೂ ಹೊಡೆತ ಬಿತ್ತು. ಆದರೂ ಭೌಗೋಳಿಕ ಗುರುತು ದೊರೆತು, ಮಕ್ಕಳ ಬಾಯಿಗೆ ವಿಷವಲ್ಲದ ಬಣ್ಣ ಎಂಬ ಹೆಸರು ದೊರೆತು ಉಳಿದುಕೊಂಡರು. ಏಕೆಂದರೆ ಅವರ ಮಾಲನ್ನು ಕೊಳ್ಳುವವನು ಒಬ್ಬ ರಾಜನಲ್ಲ, ಸಾವಿರಾರು ತಾಯಂದಿರು.

ಹಾಗಾದರೆ ಇವತ್ತು ಯಾರು ಕೊಳ್ಳುತ್ತಾರೆ?

ಈಗ ಹುಡುಗರ ಪ್ರಶ್ನೆಗೆ ಬರೋಣ. ಬೇಟೆಗೆ ಮಾರುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ವಿಜಯದಶಮಿಯ ದಿನ ನಮ್ಮ ಕಡೆ ಅನೇಕ ಊರುಗಳಲ್ಲಿ ತಹಶೀಲ್ದಾರರು ಬಾಳೆಯ ಕಂದಿಗೆ ಅಂಬು ಹೊಡೆಯುವ ಪದ್ಧತಿಯಿದೆ. ಅಂದರೆ ತಾಲ್ಲೂಕಿಗೆ ವರ್ಷಕ್ಕೆ ಒಂದು ಬಾಣ! ಬಯಲಾಟದವರಿಗೂ ಶಾಲಾ ವಾರ್ಷಿಕೋತ್ಸವಕ್ಕೂ ಬಿಲ್ಲು ಬಾಣ ಬೇಕು, ಆದರೆ ಅದು ಬಣ್ಣದ ಕಾಗದ ಸುತ್ತಿದ ಬಾಣ.

ನಿಜವಾದ ಕೊಳ್ಳುವವರು ಕ್ರೀಡಾಪಟುಗಳು. ಬಿಲ್ಲುಗಾರಿಕೆ 1972ರಲ್ಲಿ ಒಲಿಂಪಿಕ್ಸ್‌ಗೆ ಮರಳಿತು, ಭಾರತೀಯ ಬಿಲ್ಲುಗಾರಿಕೆ ಸಂಸ್ಥೆ 1973ರಲ್ಲಿ ಹುಟ್ಟಿತು. ರಾಜಸ್ಥಾನದ ಬುಡಕಟ್ಟಿನ ಲಿಂಬಾ ರಾಮ್ ಬಿದಿರಿನ ಬಿಲ್ಲಿನಲ್ಲಿ ಕಲಿತು 1992ರಲ್ಲಿ ಬೀಜಿಂಗ್‌ನ ಏಷ್ಯನ್ ಸ್ಪರ್ಧೆಯಲ್ಲಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಆದರೆ ಒಲಿಂಪಿಕ್ಸ್‌ನ ಬಾಣ ಈಗ ಕಾರ್ಬನ್ ಮತ್ತು ಅಲ್ಯೂಮಿನಿಯಂನದು, ಕಾರ್ಖಾನೆಯಲ್ಲಿ ಕೂದಲೆಳೆಯ ಅಳತೆಗೆ ಮಾಡಿದ್ದು. ಮರದ ಬಾಣಕ್ಕೆ ಎರಡು ಬಾಗಿಲು ಮಾತ್ರ ತೆರೆದಿವೆ. ಒಂದು, ನಮ್ಮ ದೇಶದ 'ಇಂಡಿಯನ್ ರೌಂಡ್'. 50 ಮತ್ತು 30 ಮೀಟರ್ ದೂರದ ಈ ಸ್ಪರ್ಧೆಯಲ್ಲಿ ಬಿದಿರು, ಮರದ ಬಿಲ್ಲು ಬಾಣವೇ ಬೇಕು. ಬಡಮಕ್ಕಳು ಈ ಆಟಕ್ಕೆ ಕಾಲಿಡುವುದು ಇಲ್ಲಿಂದ. ಎರಡು, ಅಂತರರಾಷ್ಟ್ರೀಯ ಸ್ಪರ್ಧೆಗಳ 'ಲಾಂಗ್‌ಬೋ' ವಿಭಾಗ. ಅಲ್ಲಿ ಮರದ ಬಾಣ ಕಡ್ಡಾಯ. ಕೊಳ್ಳುವವರು ಹೊರದೇಶದ ಹವ್ಯಾಸಿಗಳು, ಒಳ್ಳೆಯ ಬೆಲೆ ಕೊಡುವವರು, ಆದರೆ ಹನ್ನೆರಡು ಬಾಣ ಕೊಂಡರೆ ಹನ್ನೆರಡೂ ಅವಳಿಗಳಂತಿರಬೇಕು ಎನ್ನುವವರು.

ತೊಡಕು ಇರುವುದು ಅಲ್ಲೇ. ಹುಡುಗರ ಜೊತೆ ನಾನೂ ಕೂತು ನೋಡಿದ್ದನ್ನು ಹೇಳುತ್ತೇನೆ. ನಮ್ಮ ಕಡೆಯ ಜಾಲಿ, ಬೇವು, ಹೊಂಗೆಯಲ್ಲಿ ನೆಟ್ಟನೆಯ ಕಡ್ಡಿ ಸಿಗದು, ಬಿದಿರು ಮಲೆನಾಡಿನಿಂದ ಬರಬೇಕು. ಮೇದಾರರ ಹತ್ತಿರ ಕೊಂಡು ತಂದ ಬಿದಿರನ್ನು ಸೀಳಿ ನಲವತ್ತು ಕಡ್ಡಿ ಮಾಡಿದರು. ನಾಯಕರ ಹುಡುಗನ ತಾತ ಕಟ್ಟೆಯ ಮೇಲೆ ಕೂತು, "ಬಿಸಿಲಿಗೆ ಹಾಕಬ್ಯಾಡ್ರೋ, ನೆಳ್ಳಾಗೆ ಒಣಗಿಸ್ರಿ" ಎಂದು ಗದರುತ್ತಿದ್ದರು. ಅವಸರದಲ್ಲಿ ಬಿಸಿಲಿಗೆ ಹಾಕಿದ ಹತ್ತು ಸೀಳಿಹೋದವು. ಉಳಿದವನ್ನು ಹೆರೆದು ದುಂಡಗೆ ಮಾಡಿ, ಕೆಂಡದ ಮೇಲೆ ಹಿಡಿದು ಬಿಸಿ ಇರುವಾಗಲೇ ಸೊಟ್ಟು ತಿದ್ದಬೇಕು. ಒಂದು ಕಣ್ಣು ಮುಚ್ಚಿ ಕಡ್ಡಿಯ ಉದ್ದಕ್ಕೂ ನೋಡಿ ಎಲ್ಲಿ ಬಾಗಿದೆ ಎಂದು ತಾತ ಹೇಳುತ್ತಿದ್ದರು. ನನ್ನ ಕನ್ನಡಕಕ್ಕೆ ಅದು ಕಾಣಲೇ ಇಲ್ಲ. ಹದಿನೇಳು ನೆಟ್ಟಗಾದವು.

ನೆಟ್ಟಗಾದರೆ ಸಾಲದು. ಹೆದೆ ಬಿಟ್ಟ ಕ್ಷಣ ಬಾಣ ಬಿಲ್ಲಿನ ಮೈ ಬಳಸಿ ಹಾವಿನಂತೆ ಬಾಗಿ ಆಮೇಲೆ ನೆಟ್ಟಗಾಗುತ್ತದೆ. ಬಿಗಿ ಹೆಚ್ಚಾದರೆ ಒಂದು ಕಡೆಗೆ, ಮೆದುವಾದರೆ ಇನ್ನೊಂದು ಕಡೆಗೆ ಹೋಗುತ್ತದೆ. ಆದ್ದರಿಂದ ಒಂದು ಜೊತೆಯ ಎಲ್ಲ ಬಾಣಗಳ ಬಾಗುವ ಗುಣವೂ ತೂಕವೂ ಒಂದೇ ಇರಬೇಕು. ಕಡ್ಡಿಯ ಎರಡೂ ತುದಿಗೆ ಆಧಾರ ಕೊಟ್ಟು ನಡುವೆ ಒಂದೇ ತೂಕದ ಕಲ್ಲು ತೂಗುಹಾಕಿ ಎಷ್ಟು ಜಗ್ಗುತ್ತದೆ ಎಂದು ಅಳೆದೆವು. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿದೆವು. ಹದಿನೇಳರಲ್ಲಿ ಒಂದಕ್ಕೊಂದು ಹೊಂದಿದವು ಆರು! ಗರಿ ಕೋಳಿ ಅಂಗಡಿಯಿಂದ ಪುಕ್ಕಟೆ. ಮೂರು ಗರಿಯೂ ಒಂದೇ ಕಡೆಯ ರೆಕ್ಕೆಯದಾಗಿರಬೇಕು, ಎಡ ಬಲ ಬೆರೆಸಿದರೆ ಬಾಣ ತಿರುಗದೆ ತೊಯ್ದಾಡುತ್ತದೆ. ನವಿಲುಗರಿ ಚೆಂದ ಎಂದು ಅದನ್ನು ಮಾತ್ರ ಕಟ್ಟಬೇಡಿ. ನವಿಲು ಸಂರಕ್ಷಿತ ಪಕ್ಷಿ, ಅದರ ಗರಿಯಿರುವ ವಸ್ತು ದೇಶದ ಹೊರಗೆ ಹೋಗುವಂತಿಲ್ಲ.

ಎಂಟು ಭಾನುವಾರ, ಇಬ್ಬರು ಹುಡುಗರು, ಆರು ಬಾಣ. ಬಳ್ಳಾರಿ ಕಡೆಯ ಒಬ್ಬ ತರಬೇತುದಾರರು ನೋಡಿ, ಹೊಗಳಿ, ನಾಲ್ಕನ್ನು ಕೊಂಡರು. ಬಂದ ಹಣವನ್ನು ದುಡಿದ ಗಂಟೆಗಳಿಗೆ ಹಂಚಿದಾಗ ಶೇಂಗಾ ಬಿಡಿಸುವ ಕೂಲಿಯ ಅರ್ಧವೂ ಆಗಲಿಲ್ಲ. ಇದು ಕಲಿಯುವ ಕಾಲದ ಲೆಕ್ಕ, ಕೈ ಕೂತ ಮೇಲೆ ವೇಗ ಹೆಚ್ಚುತ್ತದೆ ಎಂಬುದು ನಿಜ. ಆದರೆ ನನ್ನ ಅಭಿಪ್ರಾಯ ಸ್ಪಷ್ಟವಾಗಿ ಹೇಳುತ್ತೇನೆ. ಮನೆ ನಡೆಸಲು ಬಾಣ ಸಾಲದು. ಬಡಗಿ ಕೆಲಸ, ಬಿದಿರಿನ ಕೆಲಸ ಈಗಾಗಲೇ ಗೊತ್ತಿದ್ದು ಉಪಕರಣ ಮನೆಯಲ್ಲೇ ಇದ್ದವರಿಗೆ, ಹತ್ತಿರದಲ್ಲಿ ಬಿಲ್ಲುಗಾರಿಕೆ ಕಲಿಸುವವರಿದ್ದರೆ, ವರ್ಷದಲ್ಲಿ ಕೆಲವು ತಿಂಗಳು ಕೈಖರ್ಚಿಗಾಗುವಷ್ಟು ಬಂದೀತು. ಬಿಲ್ಲು, ಬತ್ತಳಿಕೆ, ಗುರಿಯ ಹಲಗೆ, ಮುರಿದ ಬಾಣದ ದುರಸ್ತಿ ಎಲ್ಲವನ್ನೂ ಸೇರಿಸಿಕೊಂಡರೆ ಇನ್ನಷ್ಟು. ಬರೀ ಬಾಣ ಹಿಡಿದು ಕೂತವನನ್ನು ಚರಿತ್ರೆ ಎಲ್ಲಿಯೂ ಉಳಿಸಿಲ್ಲ.

ಪ್ರಯತ್ನಿಸುವ ಹಿರಿಯರಿಗೆ ಎರಡು ವಿಷಯ ತಿಳಿದಿರಲಿ. ಅರಣ್ಯದ ಹೊರಗೆ ಸ್ವಂತ ಜಮೀನಿನಲ್ಲಿ ಬೆಳೆದ ಬಿದಿರನ್ನು 2017ರ ತಿದ್ದುಪಡಿಯಲ್ಲಿ ಭಾರತೀಯ ಅರಣ್ಯ ಕಾಯ್ದೆಯ 'ಮರ' ಎಂಬ ವ್ಯಾಖ್ಯೆಯಿಂದ ತೆಗೆದಿದ್ದಾರೆ. ಬದುವಿನಲ್ಲಿ ನಾಲ್ಕು ಮೆಳೆ ಬೆಳೆಸಬಹುದು, ನೀರಿದ್ದರೆ. ಇನ್ನೊಂದು, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಬಡಗಿ, ಕಮ್ಮಾರ, ಬುಟ್ಟಿ ಹೆಣೆಯುವವರು, ಆಟಿಕೆ ಮಾಡುವವರ ಜೊತೆಗೆ ಆಯುಧ ತಯಾರಿಸುವವರೂ ಇದ್ದಾರೆ. ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ ಅದರಲ್ಲಿವೆ. ಆದರೆ ವಯಸ್ಸು 18 ಆಗಿರಬೇಕು. ಹುಡುಗರಿಗೆ ಇದನ್ನು ಹೇಳಿದಾಗ ಇಬ್ಬರೂ ಬೆರಳು ಎಣಿಸಿದರು.

ಒಂದು ಸಣ್ಣ ಸಂಗತಿ ಹೇಳಿ ಮುಗಿಸುತ್ತೇನೆ. ಸಂಸ್ಕೃತದ 'ಶರ' ಎಂಬ ಪದಕ್ಕೆ ಜೊಂಡು ಹುಲ್ಲಿನ ಕಡ್ಡಿ ಎಂದೂ ಬಾಣ ಎಂದೂ ಎರಡರ್ಥ. ಉರ್ದು ಕೈಬರಹಕ್ಕೆ ಬಳಸುವ ಕಲಂ ಕೂಡ ಜೊಂಡಿನ ಕಡ್ಡಿಯದೇ. ಬಾಣಕ್ಕೆ ಹೊಂದದೆ ಉಳಿದ ಹನ್ನೊಂದು ಬಿದಿರುಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ ತುದಿ ಓರೆಯಾಗಿ ಕೊಯ್ದು ಕೊಟ್ಟೆ. ನೆಟ್ಟಗಿರಬೇಕಾಗಿಲ್ಲ, ತೂಕ ನೋಡಬೇಕಾಗಿಲ್ಲ. ಮೂವತ್ತಮೂರು ಕಲಂ ಆದವು. ತರಗತಿಯ ಮಕ್ಕಳು ಒಂದೊಂದನ್ನು ಐದು ರೂಪಾಯಿಗೆ ಕೊಂಡರು, ಪಕ್ಕದ ಊರಿನ ಮದರಸಾದ ಗುರುಗಳು ಇನ್ನೂ ಐವತ್ತು ಕೇಳಿದ್ದಾರೆ.

ಪಿಂಜಾರರ ಹುಡುಗ ಈಗ ಹತ್ತನೇ ತರಗತಿಯಲ್ಲಿದ್ದಾನೆ. ಅವನ ತಂದೆಯವರು ಗ್ಯಾರೇಜಿನ ಮಾತನ್ನು ಮಾರ್ಚ್ ಪರೀಕ್ಷೆಯವರೆಗೆ ಮುಂದೂಡಿದ್ದಾರೆ. ಮಾರದೆ ಉಳಿದ ಎರಡು ಬಾಣಗಳು ಶಿಕ್ಷಕರ ಕೊಠಡಿಯ ಬೀರುವಿನಲ್ಲಿದ್ದವು. ಮಳೆಗಾಲದ ಥಂಡಿಗೆ ಒಂದು ಸ್ವಲ್ಪ ಸೊಟ್ಟಗಾಗಿದೆ. ಹೋದ ವಾರ ನಾಯಕರ ಹುಡುಗ ಅದನ್ನು ತಾತನ ಹತ್ತಿರ ಒಯ್ದಿದ್ದಾನೆ, ಕೆಂಡದ ಮೇಲೆ ಹಿಡಿದು ನೆಟ್ಟಗೆ ಮಾಡಿಸಿಕೊಂಡು ಬರಲು.